ಕಚ್ಚಿದ ಸೇಬಿನ ಕಥೆ ನಿಜವೇ? ಅಲನ್ ಟ್ಯೂರಿಂಗ್ ಬದುಕು ಮತ್ತು ನಮ್ಮ ಕಿಸೆಯಲ್ಲಿರುವ ಯಂತ್ರ

ಗುತ್ತಲದಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟು ಅಂಗಡಿ ಮುಂದೆ ಕಾಯುತ್ತ ನಿಂತರೆ ಒಂದಲ್ಲ ಒಂದು ದಿನ ಈ ಕಥೆ ಕಿವಿಗೆ ಬಿದ್ದೇ ಬೀಳುತ್ತದೆ. ಆಪಲ್ ಫೋನಿನ ಬೆನ್ನ ಮೇಲಿರುವ ಕಚ್ಚಿದ ಸೇಬು ಸುಮ್ಮನೆ ಬಿಡಿಸಿದ ಚಿತ್ರವಲ್ಲವಂತೆ. ಕಂಪ್ಯೂಟರ್ ಕಂಡುಹಿಡಿದ ವಿಜ್ಞಾನಿಯೊಬ್ಬ ವಿಷ ಹಾಕಿದ ಸೇಬು ಕಚ್ಚಿ ಸತ್ತನಂತೆ, ಅವನ ನೆನಪಿಗೆ ಕಂಪನಿಯವರು ಆ ಗುರುತು ಇಟ್ಟುಕೊಂಡರಂತೆ. ವಾಟ್ಸಾಪ್‌ನಲ್ಲೂ ಇದು ನಮಗೆ ಹಲವು ಬಾರಿ ಬಂದಿದೆ. ಕೊನೆಯಲ್ಲಿ ಹತ್ತು ಜನರಿಗೆ ಕಳಿಸಿ ಎಂಬ ಸಾಲು ಬೇರೆ.

ಮೊದಲೇ ಹೇಳಿಬಿಡುತ್ತೇವೆ: ಇದು ನಿಜವಲ್ಲ. 1977ರಲ್ಲಿ ಆ ಲೋಗೋ ಬಿಡಿಸಿದ ರಾಬ್ ಜಾನಾಫ್ ಅವರೇ ಇದನ್ನು ಅಲ್ಲಗಳೆದಿದ್ದಾರೆ. ಚಿಕ್ಕದಾಗಿ ಅಚ್ಚು ಹಾಕಿದಾಗ ಸೇಬು ಚೆರ್ರಿ ಹಣ್ಣಿನಂತೆ ಕಾಣಬಾರದು ಎಂದು ಅವರು ಅದಕ್ಕೊಂದು ಕಚ್ಚು ಕೊಟ್ಟರು, ಅಷ್ಟೇ.

ಆದರೆ ಕಥೆಯೊಳಗಿನ ವಿಜ್ಞಾನಿ ಕಟ್ಟುಕಥೆಯಲ್ಲ. ಅವರ ಹೆಸರು ಅಲನ್ ಮ್ಯಾಥಿಸನ್ ಟ್ಯೂರಿಂಗ್. ಸೇಬಿನ ಕಥೆ ಹೇಳುವವರಿಗೆ ಅವರು ಹೇಗೆ ಸತ್ತರು ಎನ್ನುವುದಷ್ಟೇ ಮುಖ್ಯ. ಅವರು ಏನು ಮಾಡಿದರು, ಅವರಿಗೆ ಏನು ಮಾಡಲಾಯಿತು ಎಂಬ ಎರಡೂ ಸಂಗತಿಗಳು ಆ ಸೇಬಿನ ಹಿಂದೆ ಮರೆಯಾಗಿವೆ. ಇವತ್ತು ಆ ಎರಡನ್ನೂ ನೋಡೋಣ.

ತುಂಗಭದ್ರೆಯ ನಂಟು

ಟ್ಯೂರಿಂಗ್ ಭಾರತದಲ್ಲಿ ಹುಟ್ಟಿದವರು ಎಂಬ ಇನ್ನೊಂದು ಮಾತೂ ಓಡಾಡುತ್ತಿದೆ. ಇದೂ ತಪ್ಪು. ಅವರು ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನ ಮೇಡಾ ವೇಲ್ ಎಂಬಲ್ಲಿ. ಆದರೆ ಈ ತಪ್ಪಿನ ಹಿಂದೆ ಒಂದು ನಿಜವಾದ ನಂಟಿದೆ, ಅದು ನಮ್ಮ ನದಿಯವರೆಗೂ ಬರುತ್ತದೆ.

ಗುತ್ತಲದಿಂದ ಪೂರ್ವಕ್ಕೆ ಹೋದರೆ ತುಂಗಭದ್ರೆ ಸಿಗುತ್ತಾಳೆ. ಇದೇ ತುಂಗಭದ್ರೆಗೆ ಅಡ್ಡಲಾಗಿ ರೈಲ್ವೆ ಸೇತುವೆ ಕಟ್ಟಿದವರಲ್ಲಿ ಎಡ್ವರ್ಡ್ ವಾಲರ್ ಸ್ಟೋನಿ ಎಂಬ ಇಂಜಿನಿಯರ್ ಒಬ್ಬರು. ಮುಂದೆ ಮದ್ರಾಸ್ ಕಡೆಯ ರೈಲ್ವೆಗೆ ಮುಖ್ಯ ಇಂಜಿನಿಯರ್ ಆದರು. ಸದ್ದು ಮಾಡದೆ ತಿರುಗುವ ಪಂಖಾದ ಚಕ್ರವೊಂದನ್ನು ರೂಪಿಸಿ ಅದಕ್ಕೆ ಪೇಟೆಂಟ್ ಕೂಡ ಪಡೆದಿದ್ದರು. ಅವರ ಮಗಳು ಎಥೆಲ್ ಸಾರಾ 1881ರಲ್ಲಿ ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ ಹುಟ್ಟಿದರು. ಅವರೇ ಅಲನ್ ತಾಯಿ.

ತಂದೆ ಜೂಲಿಯಸ್ ಟ್ಯೂರಿಂಗ್ ಐಸಿಎಸ್ ಅಧಿಕಾರಿ. 1896ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಬಂದು ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಕೆಲಸ ಮಾಡಿದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಕುದುರೆ ಏರಿ ಊರೂರು ಸುತ್ತುವುದು, ಬೇಸಾಯ, ನೀರಾವರಿ, ಸಿಡುಬಿನ ಲಸಿಕೆಯ ಲೆಕ್ಕ ನೋಡುವುದು ಅವರ ಕೆಲಸ. ಹಿರಿಯ ಮಗ ಜಾನ್ 1908ರಲ್ಲಿ ಕೂನೂರಿನಲ್ಲಿ ಹುಟ್ಟಿದ. ಎರಡನೆಯವನಾದ ಅಲನ್ ಹುಟ್ಟುವ ಹೊತ್ತಿಗೆ ದಂಪತಿ ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದರು.

ಇಲ್ಲಿಯ ಬಿಸಿಲು, ಜ್ವರ ಮಕ್ಕಳಿಗೆ ಆಗದು ಎಂದು ಅಂದಿನ ಅಧಿಕಾರಿಗಳು ಮಕ್ಕಳನ್ನು ಇಂಗ್ಲೆಂಡಿನಲ್ಲೇ ಬಿಟ್ಟು ಬರುತ್ತಿದ್ದರು. ಟ್ಯೂರಿಂಗ್ ದಂಪತಿಯೂ ಹಾಗೇ ಮಾಡಿದರು. ಅಣ್ಣತಮ್ಮ ಇಬ್ಬರೂ ನಿವೃತ್ತ ಸೈನ್ಯಾಧಿಕಾರಿಯೊಬ್ಬರ ಮನೆಯಲ್ಲಿ ಬೆಳೆದರು. ಅಪ್ಪ ಅಮ್ಮ ಎಂದರೆ ಹಡಗಿನಲ್ಲಿ ಬಂದು ಹಡಗಿನಲ್ಲಿ ಹೋಗುವವರು ಎಂಬಂತಾಯಿತು.

1926ರಲ್ಲಿ, 13ನೇ ವಯಸ್ಸಿನಲ್ಲಿ, ಅಲನ್‌ಗೆ ಶೆರ್ಬೋರ್ನ್ ಶಾಲೆ ಸೇರಬೇಕಿತ್ತು. ಸರಿಯಾಗಿ ಅದೇ ದಿನ ದೇಶಾದ್ಯಂತ ಮುಷ್ಕರ, ರೈಲು ಬಂದ್. ಹುಡುಗ ಬಂದರಿನಲ್ಲಿ ಇಳಿದು ಸೈಕಲ್ ಹತ್ತಿದ. ದಾರಿಯಲ್ಲಿ ಒಂದು ರಾತ್ರಿ ಉಳಿದು, ಸುಮಾರು 97 ಕಿಲೋಮೀಟರ್ ತುಳಿದು ಶಾಲೆ ತಲುಪಿದ. ಒಂದು ಸಮಸ್ಯೆ ಎದುರಾದರೆ ಅದಕ್ಕೆ ತನ್ನದೇ ನೇರ ದಾರಿ ಹುಡುಕುವ ಸ್ವಭಾವ ಕೊನೆಯವರೆಗೂ ಉಳಿಯಿತು.

ಹಸಿ ಹಾಲು ಕಸಿದುಕೊಂಡ ಗೆಳೆಯ

ಶಾಲೆಯಲ್ಲಿ ಅಕ್ಷರ ಕೆಟ್ಟದು, ಬಟ್ಟೆಗೆಲ್ಲ ಮಸಿ. ಶಿಕ್ಷಕರಿಗೆ ಈ ಹುಡುಗನ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಅವನನ್ನು ಅರ್ಥ ಮಾಡಿಕೊಂಡವನು ಕ್ರಿಸ್ಟೋಫರ್ ಮಾರ್ಕಮ್ ಎಂಬ ಸಹಪಾಠಿ. ಇಬ್ಬರೂ ನಕ್ಷತ್ರ ನೋಡಿದರು, ಗಣಿತ ಬಿಡಿಸಿದರು. ಅಲನ್ ಅವನನ್ನು ಗಾಢವಾಗಿ ಹಚ್ಚಿಕೊಂಡಿದ್ದ. 1930ರ ಫೆಬ್ರವರಿ 13ರಂದು ಕ್ರಿಸ್ಟೋಫರ್ ತೀರಿಕೊಂಡ. ಕಾರಣ, ಚಿಕ್ಕವನಿದ್ದಾಗ ಸೋಂಕು ತಗಲಿದ ಹಸುವಿನ ಹಾಲು ಕುಡಿದು ಅಂಟಿಸಿಕೊಂಡಿದ್ದ ಕ್ಷಯ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಹಸಿ ಹಾಲಿನಲ್ಲೇ ಶಕ್ತಿ ಜಾಸ್ತಿ ಎನ್ನುವವರು ನಮ್ಮ ಕಡೆ ಈಗಲೂ ಇದ್ದಾರೆ. ದನಗಳಿಗೆ ಬರುವ ಕ್ಷಯದ ಬ್ಯಾಕ್ಟೀರಿಯಾ ಕಾಸದ ಹಾಲಿನ ಮೂಲಕ ಮನುಷ್ಯರಿಗೆ ದಾಟಬಲ್ಲದು. ಹಾಲನ್ನು ಉಕ್ಕುವವರೆಗೆ ಕಾಸಿದರೆ ಅದು ಸಾಯುತ್ತದೆ. ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ತಪ್ಪದೆ ಮಾಡುತ್ತ ಬಂದ ಈ ಕೆಲಸಕ್ಕೆ ವಿಜ್ಞಾನದ ಬೆಂಬಲ ಪೂರ್ತಿ ಇದೆ.

ಗೆಳೆಯನ ಮನಸ್ಸು, ಅವನ ಬುದ್ಧಿ ಎಲ್ಲಿ ಹೋಯಿತು ಎಂಬ ಪ್ರಶ್ನೆ ಅಲನ್‌ನನ್ನು ಬಹಳ ದಿನ ಕಾಡಿತು. ಮನಸ್ಸು ಎಂದರೇನು, ಅದು ಮಿದುಳೆಂಬ ವಸ್ತುವಿನಿಂದ ಹೇಗೆ ಹುಟ್ಟುತ್ತದೆ ಎನ್ನುವ ವಿಚಾರ ಅವರ ಮುಂದಿನ ಕೆಲಸದಲ್ಲಿ ಮತ್ತೆ ಮತ್ತೆ ಬರುತ್ತದೆ.

ಖಾರ ಕುಟ್ಟುವ ಗಿರಣಿ ಮತ್ತು ಎಲ್ಲ ಮಾಡುವ ಯಂತ್ರ

1931ರಲ್ಲಿ ಟ್ಯೂರಿಂಗ್ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಸೇರಿದರು. 22ನೇ ವಯಸ್ಸಿಗೆ ಅಲ್ಲಿಯೇ ಫೆಲೋ ಆದರು. ಆಗ ಗಣಿತಜ್ಞರ ಮುಂದೆ ಒಂದು ದೊಡ್ಡ ಪ್ರಶ್ನೆ ಇತ್ತು. ಯಾವುದೇ ಗಣಿತದ ಹೇಳಿಕೆ ಕೊಟ್ಟರೂ ಅದನ್ನು ಸಾಧಿಸಲು ಬರುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿದಂತೆ ಯಾಂತ್ರಿಕವಾಗಿ ಹೇಳಿಬಿಡುವ ಒಂದು ವಿಧಾನ ಇದೆಯೇ?

ಟ್ಯೂರಿಂಗ್ ಒಂದು ಹೆಜ್ಜೆ ಹಿಂದೆ ಹೋದರು. ಯಾಂತ್ರಿಕವಾಗಿ ಲೆಕ್ಕ ಹಾಕುವುದು ಎಂದರೇನು? ಅಂದಿನ ದಿನಗಳಲ್ಲಿ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಕುಳಿತು ಲೆಕ್ಕ ಹಾಕುವ ಮನುಷ್ಯ. ಆ ಮನುಷ್ಯ ಮಾಡುವುದಾದರೂ ಏನು? ಚೌಕುಳಿ ಹಾಳೆಯ ಒಂದು ಮನೆಯನ್ನು ನೋಡುತ್ತಾನೆ. ಅಲ್ಲಿ ಏನು ಬರೆದಿದೆ, ತಾನೀಗ ಲೆಕ್ಕದ ಯಾವ ಹಂತದಲ್ಲಿದ್ದೇನೆ ಎಂಬ ಎರಡನ್ನು ಗಮನಿಸುತ್ತಾನೆ. ಬೇಕಿದ್ದರೆ ಅಳಿಸಿ ಬೇರೆ ಬರೆಯುತ್ತಾನೆ. ಪಕ್ಕದ ಮನೆಗೆ ಸರಿಯುತ್ತಾನೆ. ಇಷ್ಟೇ. ಎಷ್ಟು ದೊಡ್ಡ ಲೆಕ್ಕವಾದರೂ ಬಿಡಿಸಿ ನೋಡಿದರೆ ಇಂಥ ಸಣ್ಣ ಹೆಜ್ಜೆಗಳ ಸಾಲು. ಈ ಹೆಜ್ಜೆಗಳನ್ನು ಇಡುವ ಒಂದು ಯಂತ್ರವನ್ನು ಅವರು ಕಾಗದದ ಮೇಲೆ ಕಲ್ಪಿಸಿದರು: ಮನೆಗಳಿರುವ ಉದ್ದನೆಯ ಪಟ್ಟಿ, ಓದಿ ಬರೆಯುವ ಒಂದು ತಲೆ, ನಿಯಮಗಳ ಒಂದು ಪಟ್ಟಿಕೆ. ಇದನ್ನೇ ಇಂದು ಟ್ಯೂರಿಂಗ್ ಯಂತ್ರ ಎನ್ನುತ್ತೇವೆ.

ನಿಜವಾದ ಚಮತ್ಕಾರ ಮುಂದಿದೆ. ಬ್ಯಾಡಗಿಯ ಖಾರ ಕುಟ್ಟುವ ಗಿರಣಿಗೆ ಮೆಣಸಿನಕಾಯಿ ಹಾಕಿದರೆ ಪುಡಿ ಬರುತ್ತದೆ. ಶೇಂಗಾ ಹಾಕಿ ಎಣ್ಣೆ ಕೊಡು ಎಂದರೆ ಆಗದು, ಅದಕ್ಕೆ ಗಾಣವೇ ಬೇಕು. ಬಟ್ಟೆಗೆ ಮಗ್ಗವೇ ಬೇಕು. ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರ ಎನ್ನುವುದು ಲೋಕದ ರೂಢಿ. ಲೆಕ್ಕದ ಲೋಕದಲ್ಲಿ ಹಾಗೆ ಬೇಕಿಲ್ಲ ಎಂದು ಟ್ಯೂರಿಂಗ್ ತೋರಿಸಿದರು. ಒಂದು ಯಂತ್ರದ ನಿಯಮಗಳನ್ನೇ ಸಂಕೇತಗಳಲ್ಲಿ ಬರೆದು ಪಟ್ಟಿಯ ಮೇಲೆ ಇಟ್ಟರೆ, ಇನ್ನೊಂದು ಯಂತ್ರ ಅದನ್ನು ಓದಿ ಅದರಂತೆಯೇ ನಡೆದುಕೊಳ್ಳಬಹುದು. ಅಂದರೆ ಒಂದೇ ಒಂದು ಸಾರ್ವತ್ರಿಕ ಯಂತ್ರ ಸಾಕು, ಸೂಚನೆ ಬದಲಿಸಿದರೆ ಕೆಲಸ ಬದಲಾಗುತ್ತದೆ. ನಿಮ್ಮ ಫೋನು ಈಗ ಕ್ಯಾಲ್ಕುಲೇಟರ್, ಮರುಕ್ಷಣ ರೇಡಿಯೋ, ಆಮೇಲೆ ಮಾರುಕಟ್ಟೆಯ ಮೆಣಸಿನಕಾಯಿ ದರ ತೋರಿಸುವ ಹಲಗೆ. ಫೋನು ಬದಲಾಗಲಿಲ್ಲ, ಆ್ಯಪ್ ಬದಲಾಯಿತು. ಈ ವಿಚಾರವಿದ್ದ ಪ್ರಬಂಧವನ್ನು ಅವರು ಒಪ್ಪಿಸಿದ್ದು 1936ರಲ್ಲಿ. ಆಗ ಅವರಿಗೆ 24 ವರ್ಷ ತುಂಬುವುದರಲ್ಲಿತ್ತು. ಜಗತ್ತಿನಲ್ಲಿ ಒಂದೂ ಎಲೆಕ್ಟ್ರಾನಿಕ್ ಕಂಪ್ಯೂಟರ್ ಇರಲಿಲ್ಲ.

ಅದೇ ಪ್ರಬಂಧ ಇನ್ನೊಂದು ಸಂಗತಿಯನ್ನೂ ಸಾಧಿಸಿತು: ಯಾವ ಯಂತ್ರಕ್ಕೂ ಬಿಡಿಸಲಾಗದ ಪ್ರಶ್ನೆಗಳು ಇವೆ. ಫೋನಿನಲ್ಲಿ ಗುಂಡಗೆ ತಿರುಗುವ ಚಕ್ರ ಬಂದಾಗ ನಮಗೆ ಒಂದೇ ಯೋಚನೆ. ಇದು ಮುಗಿಯುತ್ತದೋ, ಹೀಗೇ ತಿರುಗುತ್ತಿರುತ್ತದೋ? ಯಾವ ಪ್ರೋಗ್ರಾಂ ಕೊಟ್ಟರೂ ಇದನ್ನು ತಪ್ಪಿಲ್ಲದೆ ಮೊದಲೇ ಹೇಳಿಬಿಡುವ ಒಂದು ಆ್ಯಪ್ ಇದೆ ಎಂದುಕೊಳ್ಳೋಣ. ಅದಕ್ಕೆ ಜೋಯಿಸ ಎಂದು ಹೆಸರಿಡೋಣ. ಈಗ ತಂಟೆಕೋರ ಎಂಬ ಇನ್ನೊಂದು ಆ್ಯಪ್ ಬರೆಯೋಣ. ಅದು ತನ್ನ ಬಗ್ಗೆಯೇ ಜೋಯಿಸನನ್ನು ಕೇಳುತ್ತದೆ. ನೀನು ನಿಲ್ಲುತ್ತೀ ಎಂದರೆ ತಿರುಗುತ್ತಲೇ ಇರುತ್ತದೆ, ತಿರುಗುತ್ತಲೇ ಇರುತ್ತೀ ಎಂದರೆ ತಕ್ಷಣ ನಿಲ್ಲುತ್ತದೆ. ಜೋಯಿಸ ಏನು ಹೇಳಿದರೂ ಸುಳ್ಳಾಗುತ್ತದೆ. ಆದ್ದರಿಂದ ಅಂಥ ಜೋಯಿಸ ಇರಲು ಸಾಧ್ಯವೇ ಇಲ್ಲ. ಟ್ಯೂರಿಂಗ್ ಅವರ ವಾದದ ತಿರುಳನ್ನು ಇಂದು ಹೀಗೆ ವಿವರಿಸುವುದುಂಟು. ಅಮೆರಿಕದ ಅಲೊನ್ಜೊ ಚರ್ಚ್ ಬೇರೆ ದಾರಿಯಿಂದ ಅದೇ ಕಾಲಕ್ಕೆ ಇದೇ ಉತ್ತರ ತಲುಪಿದ್ದರು. ಟ್ಯೂರಿಂಗ್ ಪ್ರಿನ್ಸ್‌ಟನ್‌ಗೆ ಹೋಗಿ ಅವರ ಕೈಕೆಳಗೆ 1938ರಲ್ಲಿ ಪಿಎಚ್‌ಡಿ ಮುಗಿಸಿದರು.

ಎನಿಗ್ಮಾವನ್ನು ಒಬ್ಬರೇ ಭೇದಿಸಿದರೇ?

ಸಿನಿಮಾ ನೋಡಿದವರು ಹೌದು ಎನ್ನುತ್ತಾರೆ. ಉತ್ತರ, ಅಲ್ಲ.

ಎನಿಗ್ಮಾ ಎಂಬುದು ಜರ್ಮನ್ ಸೈನ್ಯದ ಗುಪ್ತಲಿಪಿ ಯಂತ್ರ. ಒಂದು ಅಕ್ಷರ ಒತ್ತಿದರೆ ಬೇರೊಂದು ಅಕ್ಷರದ ದೀಪ ಹತ್ತುತ್ತದೆ, ಪ್ರತಿ ಒತ್ತಿಗೂ ಒಳಗಿನ ಚಕ್ರ ತಿರುಗಿ ಹೊಂದಾಣಿಕೆ ಬದಲಾಗುತ್ತದೆ. ಸೈನ್ಯ ಬಳಸುತ್ತಿದ್ದ ಯಂತ್ರವನ್ನು ಹೊಂದಿಸುವ ಬಗೆಗಳ ಸಂಖ್ಯೆ, 159 ಬರೆದು ಮುಂದೆ 18 ಸೊನ್ನೆ ಹಾಕಿದಷ್ಟು. ಪ್ರತಿದಿನ ಹೊಸ ಹೊಂದಾಣಿಕೆ. ಒಂದೊಂದಾಗಿ ಹುಡುಕುವ ಮಾತೇ ಇಲ್ಲ.

ಇದರ ಬೀಗಕ್ಕೆ ಮೊದಲು ಕೈ ಹಾಕಿದವರು ಪೋಲೆಂಡಿನ ಮೂವರು ಗಣಿತಜ್ಞರು: ಮರಿಯನ್ ರೆಯೆವ್‌ಸ್ಕಿ, ಯೆರ್ಜಿ ರುಜಿತ್ಸ್‌ಕಿ, ಹೆನ್ರಿಕ್ ಜಿಗಾಲ್‌ಸ್ಕಿ. 1932ರ ಕೊನೆಗೇ ಅವರು ಎನಿಗ್ಮಾದ ಒಳರಚನೆ ಲೆಕ್ಕ ಹಾಕಿ ತೆಗೆದಿದ್ದರು. 1939ರ ಜುಲೈನಲ್ಲಿ, ಯುದ್ಧ ಶುರುವಾಗುವ ಕೆಲವೇ ವಾರ ಮೊದಲು, ತಮಗೆ ಗೊತ್ತಿದ್ದನ್ನೆಲ್ಲ ಬ್ರಿಟಿಷರಿಗೂ ಫ್ರೆಂಚರಿಗೂ ಕೊಟ್ಟರು. ಬ್ರಿಟನ್ ಯುದ್ಧ ಘೋಷಿಸಿದ ಮರುದಿನ, ಸೆಪ್ಟೆಂಬರ್ 4ರಂದು, ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಎಂಬ ಗುಪ್ತ ಕೇಂದ್ರಕ್ಕೆ ಹಾಜರಾದರು.

ಎನಿಗ್ಮಾದಲ್ಲಿ ಒಂದು ದೋಷವಿತ್ತು. ಯಾವ ಅಕ್ಷರವೂ ಅದೇ ಅಕ್ಷರವಾಗಿ ಹೊರಬರುತ್ತಿರಲಿಲ್ಲ. ಜೊತೆಗೆ ಜರ್ಮನ್ನರು ಹವಾಮಾನ ವರದಿಯಂಥ ಸಂದೇಶಗಳಲ್ಲಿ ಅದದೇ ಪದಗಳನ್ನು ದಿನಾ ಬಳಸುತ್ತಿದ್ದರು. ಇಂಥ ಪದ ಸಂದೇಶದಲ್ಲಿ ಇರಲೇಬೇಕು ಎಂದು ಊಹಿಸಿ, ಆ ಊಹೆಗೆ ಹೊಂದದ ಸಾಧ್ಯತೆಗಳನ್ನು ಸಾವಿರಗಟ್ಟಲೆ ತಳ್ಳಿಹಾಕುವ ಬಾಂಬ್ ಎಂಬ ಯಂತ್ರವನ್ನು ಟ್ಯೂರಿಂಗ್ ರೂಪಿಸಿದರು. ಇದು ಸಿಡಿಯುವ ಬಾಂಬ್ ಅಲ್ಲ, ಪೋಲೆಂಡಿನವರ ಹಳೆಯ ಯಂತ್ರವೊಂದರಿಂದ ಬಂದ ಹೆಸರು. ಮೊದಲ ಯಂತ್ರ 1940ರ ಮಾರ್ಚ್‌ನಲ್ಲಿ ಬಂತು. ಗೋರ್ಡನ್ ವೆಲ್ಚ್‌ಮನ್ ಸೇರಿಸಿದ ಒಂದು ಸುಧಾರಣೆಯಿಂದ ಅದರ ವೇಗ ಬಹಳ ಹೆಚ್ಚಿತು. ಯುದ್ಧ ಮುಗಿಯುವ ಹೊತ್ತಿಗೆ 200ಕ್ಕೂ ಹೆಚ್ಚು ಯಂತ್ರಗಳಿದ್ದವು, ಅವುಗಳನ್ನು ಹಗಲುರಾತ್ರಿ ನಡೆಸಿದವರು ಹೆಚ್ಚಾಗಿ ಯುವತಿಯರು. ಬ್ಲೆಚ್ಲಿಯ ಸಿಬ್ಬಂದಿಯಲ್ಲಿ ಸುಮಾರು ಮುಕ್ಕಾಲು ಪಾಲು ಮಹಿಳೆಯರೇ.

ಟ್ಯೂರಿಂಗ್ ಅವರ ದೊಡ್ಡ ಸಾಧನೆ ನೌಕಾಪಡೆಯ ಎನಿಗ್ಮಾ. ಅಟ್ಲಾಂಟಿಕ್‌ನಲ್ಲಿ ಆಹಾರ ತರುವ ಹಡಗುಗಳನ್ನು ಜರ್ಮನ್ ಸಬ್‌ಮರೀನುಗಳು ಮುಳುಗಿಸುತ್ತಿದ್ದವು. ಬೇರೆಯವರು ಆಗದು ಎಂದು ಬಿಟ್ಟಿದ್ದ ಆ ಲಿಪಿಯನ್ನು ಅವರು ಕೈಗೆತ್ತಿಕೊಂಡರು, ಅವರ ತಂಡ ಅದನ್ನು ಓದಿತು. ಬ್ಲೆಚ್ಲಿಯ ಗುಪ್ತ ಮಾಹಿತಿ ಯುದ್ಧವನ್ನು ಎರಡು ವರ್ಷವಾದರೂ ಕಡಿಮೆ ಮಾಡಿತು ಎಂಬ ಅಂದಾಜು ಪ್ರಸಿದ್ಧ. ಅದು ಸಾವಿರಾರು ಜನರ ಒಟ್ಟು ಕೆಲಸದ ಬಗ್ಗೆ ಹೇಳಿದ್ದು ಎಂಬುದನ್ನು ಮರೆಯಬಾರದು. ಹಾಗೆಯೇ ಅಲ್ಲಿದ್ದ ಕೊಲೋಸಸ್ ಎಂಬ ಎಲೆಕ್ಟ್ರಾನಿಕ್ ಯಂತ್ರ ಟ್ಯೂರಿಂಗ್ ಮಾಡಿದ್ದಲ್ಲ. ಅದನ್ನು ಕಟ್ಟಿದವರು ಟಾಮಿ ಫ್ಲವರ್ಸ್, ಅದು ಭೇದಿಸಿದ್ದು ಬೇರೆಯದೇ ಲಿಪಿಯನ್ನು.

ಬ್ಲೆಚ್ಲಿಯಲ್ಲಿ ಟ್ಯೂರಿಂಗ್ ತಮ್ಮ ಚಹಾದ ಮಗ್ಗನ್ನು ಯಾರೂ ಒಯ್ಯದಂತೆ ರೇಡಿಯೇಟರ್‌ಗೆ ಸರಪಳಿ ಹಾಕಿ ಕಟ್ಟುತ್ತಿದ್ದರು. ಹೂವಿನ ಪರಾಗದಿಂದ ಅಲರ್ಜಿಯಾಗುವ ದಿನಗಳಲ್ಲಿ ಗ್ಯಾಸ್ ಮಾಸ್ಕ್ ಹಾಕಿಕೊಂಡು ಸೈಕಲ್ ಹೊಡೆಯುತ್ತಿದ್ದರು. ಅಲ್ಲೇ ಕೆಲಸ ಮಾಡುತ್ತಿದ್ದ ಗಣಿತಜ್ಞೆ ಜೋನ್ ಕ್ಲಾರ್ಕ್ ಜೊತೆ 1941ರಲ್ಲಿ ಮದುವೆ ನಿಶ್ಚಯವಾಯಿತು. ತಮ್ಮ ಒಲವು ಗಂಡಸರ ಕಡೆಗೆ ಎಂಬುದನ್ನು ಅವರು ಆಕೆಗೆ ಮುಚ್ಚಿಡಲಿಲ್ಲ. ಕೆಲವು ತಿಂಗಳ ಮೇಲೆ ನಿಶ್ಚಿತಾರ್ಥವನ್ನು ತಾವೇ ಮುರಿದರು. ಸ್ನೇಹ ಉಳಿಯಿತು.

ಕಾಗದದ ಯಂತ್ರ ಕಬ್ಬಿಣಕ್ಕೆ ಇಳಿದಾಗ

ಯುದ್ಧ ಮುಗಿದ ಮೇಲೆ ಟ್ಯೂರಿಂಗ್ ರಾಷ್ಟ್ರೀಯ ಭೌತ ಪ್ರಯೋಗಾಲಯ ಸೇರಿ ಎಸಿಇ ಎಂಬ ಕಂಪ್ಯೂಟರಿನ ಪೂರ್ಣ ವಿನ್ಯಾಸ ಬರೆದರು. ಕೆಲಸ ಕುಂಟಿತು, ಬೇಸತ್ತು ಹೊರಬಂದರು. ಅದರ ಚಿಕ್ಕ ರೂಪ 1950ರ ಮೇನಲ್ಲಿ ಓಡಿತು. ಅಷ್ಟರಲ್ಲಿ ಪ್ರೋಗ್ರಾಂ ಅನ್ನು ತನ್ನೊಳಗೇ ಇಟ್ಟುಕೊಳ್ಳುವ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ 1948ರ ಜೂನ್ 21ರಂದು ಮ್ಯಾಂಚೆಸ್ಟರ್‌ನಲ್ಲಿ ನಡೆದಿತ್ತು. ಅದನ್ನು ಕಟ್ಟಿದವರು ಫ್ರೆಡ್ಡಿ ವಿಲಿಯಮ್ಸ್, ಟಾಮ್ ಕಿಲ್ಬರ್ನ್, ಜೆಫ್ ಟೂಟಿಲ್. ಟ್ಯೂರಿಂಗ್ ಅದೇ ವರ್ಷ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದರು. ಹಾಗಾಗಿ ಕಂಪ್ಯೂಟರ್ ಕಂಡುಹಿಡಿದವರು ಟ್ಯೂರಿಂಗ್ ಎನ್ನುವುದು ಅರ್ಧ ನಿಜ. ಯಂತ್ರಗಳನ್ನು ಕಟ್ಟಿದವರು ಹಲವರು. ಅಂಥ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಮೊದಲೇ ಹೇಳಿದವರಲ್ಲಿ ಟ್ಯೂರಿಂಗ್ ಮುಖ್ಯರು.

ಅವರು ಒಳ್ಳೆಯ ಓಟಗಾರರೂ ಆಗಿದ್ದರು. 1947ರಲ್ಲಿ ಮ್ಯಾರಥಾನ್ ಅನ್ನು 2 ಗಂಟೆ 46 ನಿಮಿಷದಲ್ಲಿ ಓಡಿ ರಾಷ್ಟ್ರೀಯ ಸ್ಪರ್ಧೆಯಲ್ಲಿ ಐದನೆಯವರಾದರು.

1950ರಲ್ಲಿ ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡರು. ಯೋಚನೆ ಎಂದರೇನು ಎಂದು ಜಗಳ ಆಡುವ ಬದಲು ಒಂದು ಪರೀಕ್ಷೆ ಮುಂದಿಟ್ಟರು. ಮರೆಯಲ್ಲಿ ಕುಳಿತವರ ಜೊತೆ ಬರಹದಲ್ಲಿ ಮಾತಾಡಬೇಕು, ಅತ್ತ ಇರುವುದು ಮನುಷ್ಯನೋ ಯಂತ್ರವೋ ಎಂದು ಹೇಳಲಾಗದಿದ್ದರೆ ಯಂತ್ರ ಗೆದ್ದಂತೆ. ಇಂದು ಎಐ ಜೊತೆ ಹರಟುವ ನಮಗೆ ಈ ಪರೀಕ್ಷೆ ಮನೆಮಾತಾಗಿದೆ. ಚೆಸ್ ಆಡುವ ಪ್ರೋಗ್ರಾಂ ಒಂದನ್ನೂ ಬರೆದಿದ್ದರು. ಓಡಿಸಲು ತಕ್ಕ ಕಂಪ್ಯೂಟರ್ ಇಲ್ಲದೆ ತಾವೇ ಕಂಪ್ಯೂಟರ್ ಆಗಿ, ಒಂದೊಂದು ನಡೆಗೆ ಅರ್ಧ ಗಂಟೆ ಲೆಕ್ಕ ಹಾಕಿ ಆಡಿದರು. ಸೋತರು.

ಕೊನೆಯ ವರ್ಷಗಳಲ್ಲಿ ಅವರನ್ನು ಸೆಳೆದದ್ದು ಗಿಡ ಮತ್ತು ಪ್ರಾಣಿ. 1952ರ ಪ್ರಬಂಧದಲ್ಲಿ, ಎರಡು ರಾಸಾಯನಿಕಗಳು ಬೇರೆ ಬೇರೆ ವೇಗದಲ್ಲಿ ಹರಡುತ್ತ ಒಂದನ್ನೊಂದು ಹೆಚ್ಚಿಸುತ್ತ ತಗ್ಗಿಸುತ್ತ ಹೋದರೆ ಪಟ್ಟೆ, ಚುಕ್ಕೆಗಳು ತಾವಾಗಿಯೇ ಮೂಡಬಹುದು ಎಂದು ಗಣಿತದಿಂದ ತೋರಿಸಿದರು. ಸೂರ್ಯಕಾಂತಿ ಹೂವಿನ ಕಾಳುಗಳ ಸುರುಳಿಯೂ ಅವರ ಕುತೂಹಲ. ಮುಂದೆ ಹೊಲದ ಕಡೆ ಹೋದಾಗ ಸೂರ್ಯಕಾಂತಿಯ ಸುರುಳಿಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಣಿಸಿ ನೋಡಿ. ಹೆಚ್ಚಾಗಿ 34 ಮತ್ತು 55ರಂಥ ಫಿಬೊನಾಚಿ ಸಂಖ್ಯೆಗಳೇ ಸಿಗುತ್ತವೆ.

ಕಾನೂನು ಮಾಡಿದ್ದು

1952ರ ಜನವರಿಯಲ್ಲಿ ಟ್ಯೂರಿಂಗ್ ಮನೆಯಲ್ಲಿ ಕಳ್ಳತನವಾಯಿತು. ಅವರು ಪೊಲೀಸರಿಗೆ ದೂರು ಕೊಟ್ಟರು. ವಿಚಾರಣೆಯಲ್ಲಿ ಒಬ್ಬ ಯುವಕನ ಜೊತೆಗಿನ ತಮ್ಮ ಸಂಬಂಧವನ್ನು ಮುಚ್ಚಿಡದೆ ಹೇಳಿದರು. ದೂರು ಕೊಟ್ಟವರೇ ಆರೋಪಿಯಾದರು. 1885ರ ಒಂದು ಕಾನೂನಿನ ಪ್ರಕಾರ ಗಂಡಸರ ನಡುವಿನ ಸಂಬಂಧ ಅಪರಾಧವಾಗಿತ್ತು. ಮಾರ್ಚ್ 31ರಂದು ನ್ಯಾಯಾಲಯ ಅವರನ್ನು ತಪ್ಪಿತಸ್ಥ ಎಂದಿತು. ಜೈಲು ತಪ್ಪಬೇಕಾದರೆ ಒಂದು ವರ್ಷ ಈಸ್ಟ್ರೋಜನ್ ಹಾರ್ಮೋನಿನ ಚಿಕಿತ್ಸೆಗೆ ಒಪ್ಪಬೇಕಿತ್ತು. ಒಪ್ಪಿದರು. ಓಟಗಾರನ ದೇಹ ಬದಲಾಯಿತು, ಎದೆ ಬೆಳೆಯಿತು. ಗುಪ್ತ ಕೆಲಸಗಳ ಬಾಗಿಲು ಮುಚ್ಚಿತು. ಯುದ್ಧದಲ್ಲಿ ಏನು ಮಾಡಿದ್ದೆ ಎಂದು ಹೇಳಿಕೊಳ್ಳಲೂ ಆಗುತ್ತಿರಲಿಲ್ಲ, ಆ ಗುಟ್ಟು ಹೊರಬಿದ್ದದ್ದು 1970ರ ದಶಕದಲ್ಲಿ.

ಇದು ಚಿಕಿತ್ಸೆಯೇ? ಅಲ್ಲ. ಸಲಿಂಗ ಒಲವು ರೋಗವಲ್ಲ, ಆದ್ದರಿಂದ ಅದಕ್ಕೆ ಮದ್ದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಹಾರ್ಮೋನು, ಔಷಧಿ, ಪೂಜೆ ಅಥವಾ ಮದುವೆಯಿಂದ ಸರಿ ಮಾಡುತ್ತೇವೆ ಎನ್ನುವವರು ಇಂದಿಗೂ ಸಿಗುತ್ತಾರೆ. ಅವರ ಮಾತಿಗೆ ವಿಜ್ಞಾನದ ಆಧಾರವಿಲ್ಲ. ನಮ್ಮ ದೇಶದಲ್ಲೂ ಬ್ರಿಟಿಷರು 1860ರಲ್ಲಿ ತಂದ ದಂಡಸಂಹಿತೆಯ 377ನೇ ಕಲಂ ಇಂಥ ಜನರನ್ನು ಅಪರಾಧಿಗಳೆಂದು ನೋಡಿತು. ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು.

ಮತ್ತೆ ಆ ಸೇಬು

1954ರ ಜೂನ್ 8ರಂದು ಮನೆಗೆಲಸದವರು ಬಂದಾಗ ಟ್ಯೂರಿಂಗ್ ಹಾಸಿಗೆಯಲ್ಲಿ ನಿರ್ಜೀವವಾಗಿದ್ದರು. ಸತ್ತದ್ದು ಹಿಂದಿನ ದಿನ. 42 ತುಂಬಲು 16 ದಿನ ಬಾಕಿ ಇತ್ತು. ಕಾರಣ ಸಯನೈಡ್. ಪಕ್ಕದಲ್ಲಿ ಅರ್ಧ ತಿಂದ ಸೇಬು ಇತ್ತು. ಆತ್ಮಹತ್ಯೆ ಎಂದು ವಿಚಾರಣೆ ತೀರ್ಮಾನಿಸಿತು. ಆದರೆ ಆ ಸೇಬನ್ನು ಯಾರೂ ಪರೀಕ್ಷೆ ಮಾಡಲೇ ಇಲ್ಲ. ಮನೆಯ ಚಿಕ್ಕ ಕೋಣೆಯಲ್ಲಿ ಅವರು ಸಯನೈಡ್ ಬಳಸಿ ಲೋಹಕ್ಕೆ ಲೇಪ ಹಾಕುವ ಪ್ರಯೋಗ ಮಾಡುತ್ತಿದ್ದರು, ಮಲಗುವ ಮುನ್ನ ಸೇಬು ತಿನ್ನುವುದು ಅವರ ರೂಢಿ. ಇದು ಅಕಸ್ಮಾತ್ ನಡೆದದ್ದು ಎಂದು ತಾಯಿ ಕೊನೆಯವರೆಗೂ ನಂಬಿದ್ದರು. ಸಾಕ್ಷ್ಯ ಯಾವ ಕಡೆಗೂ ಸಾಲದು ಎನ್ನುವ ಸಂಶೋಧಕರೂ ಇದ್ದಾರೆ. ವಿಷದ ಸೇಬು ಎಂದು ಖಚಿತವಾಗಿ ಹೇಳುವ ಸಂದೇಶ, ಪರೀಕ್ಷೆಯನ್ನೇ ಮಾಡದ ಹಣ್ಣಿನ ವರದಿ ಹೇಳುತ್ತಿದೆ.

ಬ್ರಿಟಿಷ್ ಸರ್ಕಾರ ಕ್ಷಮೆ ಕೇಳಿದ್ದು 2009ರಲ್ಲಿ, ಪ್ರಧಾನಿ ಗೋರ್ಡನ್ ಬ್ರೌನ್ ಮೂಲಕ. 2013ರ ಡಿಸೆಂಬರ್‌ನಲ್ಲಿ ರಾಣಿ ಅವರ ಶಿಕ್ಷೆಗೆ ಕ್ಷಮಾದಾನ ನೀಡಿದರು. 2017ರಲ್ಲಿ ಅದೇ ಬಗೆಯ ಶಿಕ್ಷೆಗೊಳಗಾದ ಸಾವಿರಾರು ಜನರಿಗೆ ಅದು ವಿಸ್ತರಿಸಿತು. 2021ರ ಜೂನ್ 23ರಂದು ಅವರ ಚಿತ್ರವಿರುವ 50 ಪೌಂಡ್ ನೋಟು ಬಂತು. ಗಣಕ ವಿಜ್ಞಾನದ ಅತಿ ದೊಡ್ಡ ಗೌರವ 1966ರಿಂದಲೂ ಅವರ ಹೆಸರಿನಲ್ಲೇ ಇದೆ. 1994ರಲ್ಲಿ ಅದನ್ನು ಪಡೆದ ರಾಜ್ ರೆಡ್ಡಿ ಹುಟ್ಟಿದ್ದು ಆಂಧ್ರದಲ್ಲಿ.

ಸೇಬಿನ ಸಂದೇಶ ನಿಮಗೆ ಮತ್ತೆ ಬರುತ್ತದೆ. ಹತ್ತು ಜನರಿಗೆ ಕಳಿಸುವ ಬದಲು, ಕಳಿಸಿದವರಿಗೆ ಒಂದು ಮಾತು ಹೇಳಿ. ಅವರು ಆ ಸಂದೇಶವನ್ನು ಓದುತ್ತಿರುವ ಫೋನು, ತುಂಗಭದ್ರೆಗೆ ಸೇತುವೆ ಕಟ್ಟಿದವರ ಮೊಮ್ಮಗ 1936ರಲ್ಲಿ ಕಾಗದದ ಮೇಲೆ ಕಲ್ಪಿಸಿದ ಯಂತ್ರದ್ದೇ ಒಂದು ರೂಪ. ಅವರ ಕೊನೆಯ ವರ್ಷಗಳನ್ನು ಹಾಳು ಮಾಡಿದ್ದು ಕಾನೂನಿನ ಪುಸ್ತಕದ ಒಂದು ಕಲಂ. ಅದನ್ನು ಬರೆದವರೂ ಮನುಷ್ಯರು, ಅಳಿಸಿದವರೂ ಮನುಷ್ಯರು.